ತನ್ನನ್ನು ತಾನೇ ಕಾಯುವ ಸಂಖ್ಯೆ: ಮೂಡುಬಿದಿರೆಯ ಓಲೆಗಳು ಮತ್ತು 2ರ 96ನೇ ಘಾತ

ಮೂಡುಬಿದಿರೆಗೆ ಬಂದವರು ಸಾವಿರ ಕಂಬದ ಬಸದಿಯಲ್ಲಿ ಕಂಬ ಎಣಿಸಲು ನಿಲ್ಲುವುದು ಮಾಮೂಲು. 1430ರಲ್ಲಿ ಕಟ್ಟಿದ ಆ ತ್ರಿಭುವನ ತಿಲಕ ಚೂಡಾಮಣಿಯಲ್ಲಿ ನಿಜಕ್ಕೂ ಸಾವಿರ ಕಂಬ ಉಂಟಾ ಅಂತ ಕೇಳದವರು ಕಡಿಮೆ. ಆದರೆ ಅದೇ ಊರಿನ ಗುರು ಬಸದಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ತಾಳೆಗರಿಗಳಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ಲೆಕ್ಕವೊಂದರ ಚರ್ಚೆ ಉಂಟು. ಆ ಸಂಖ್ಯೆ ಇದು:

79,22,81,62,51,42,64,33,75,93,54,39,50,336

ಒಟ್ಟು 29 ಅಂಕಗಳು. ಜೈನ ಕರಣಾನುಯೋಗದ ಪರಂಪರೆಯಲ್ಲಿ ಇದು ‘ಪರ್ಯಾಪ್ತ ಮನುಷ್ಯರ’, ಅಂದರೆ ಪೂರ್ಣ ಬೆಳವಣಿಗೆಯ ಸಾಮರ್ಥ್ಯ ಪಡೆದ ಮನುಷ್ಯ ಜೀವಗಳ ಸಂಖ್ಯೆ. ನಾನಿರುವುದು ಮೆಲ್ಕಾರಿನಲ್ಲಿ. ಇಲ್ಲಿಂದ ನೇತ್ರಾವತಿ ದಾಟಿ, ಬಿ.ಸಿ.ರೋಡ್, ಬಂಟ್ವಾಳ, ಸಿದ್ಧಕಟ್ಟೆಯ ಮೇಲಿಂದ ಹೋದರೆ ಮೂಡುಬಿದಿರೆ. ಶಾಸನದ ಹುಚ್ಚಿರುವ ನಮ್ಮ ಗೆಳೆಯರ ಗುಂಪಿನಲ್ಲಿ ಈ ಸಂಖ್ಯೆಯ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ: ಕಲ್ಲಿನ ಮೇಲೆ ಕೊರೆದ ನಾಲ್ಕು ಅಂಕದ ಶಕವರ್ಷವನ್ನೇ ನಾವು ತಪ್ಪಾಗಿ ಓದುತ್ತೇವೆ, ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಬಂದ 29 ಅಂಕಗಳು ಸರಿಯಾಗಿಯೇ ಉಳಿದಿವೆ ಅಂತ ಹೇಗೆ ಹೇಳುವುದು? ಹೇಳಬಹುದು, ಮತ್ತು ಸಾಕಷ್ಟು ಖಚಿತವಾಗಿಯೇ ಹೇಳಬಹುದು ಎಂಬುದೇ ಈ ಬರಹದ ವಿಷಯ. ಕಾರಣ ಆ ಸಂಖ್ಯೆಯ ಒಳಗೇ ಇದೆ.

ಓಲೆ ಮತ್ತು ಕಲ್ಲು

ಮೊದಲು ಓಲೆಯ ಕತೆ. ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರ ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನವೇ ‘ಧವಳಾ’. ಅದು ಮುಗಿದದ್ದು ಕ್ರಿ.ಶ. 816ರಲ್ಲಿ ಎಂಬುದು ಸಂಪಾದಕ ಹೀರಾಲಾಲ್ ಜೈನ್ ಅವರ ನಿರ್ಣಯ. ಅಂದರೆ ರಾಷ್ಟ್ರಕೂಟರ ಕಾಲ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಆದರೆ ಮೂಡುಬಿದಿರೆಯಲ್ಲಿ ಉಳಿದು ಬಂದ ಓಲೆಗಳ ಲಿಪಿ ಹಳಗನ್ನಡ. ಈ ಗ್ರಂಥಗಳಿಂದಾಗಿಯೇ ಗುರು ಬಸದಿಗೆ ‘ಸಿದ್ಧಾಂತ ಬಸದಿ’ ಎಂಬ ಹೆಸರು ಬಂತು.

ಓಲೆಗೆ ಕಾಲ ಹೇಳಿಕೊಟ್ಟದ್ದು ಕಲ್ಲು ಎಂಬುದು ನಮ್ಮಂಥವರಿಗೆ ಖುಷಿಯ ಸಂಗತಿ. ಧವಳಾ ಪ್ರತಿಯ ಪ್ರಶಸ್ತಿಯಲ್ಲಿ ದೇಮಿಯಕ್ಕ ಎಂಬ ಶ್ರಾವಕಿ ಅದನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟ ಉಲ್ಲೇಖವಿದೆ. ಶುಭಚಂದ್ರರು ಹೊಯ್ಸಳ ದಂಡನಾಯಕ ಗಂಗರಾಜನ ಗುರುಗಳು. ಅವರು ತೀರಿಕೊಂಡದ್ದು ಶಕ 1045, ಅಂದರೆ 1123ರಲ್ಲಿ ಎಂದು ಶ್ರವಣಬೆಳಗೊಳದ ನಿಷಿಧಿ ಶಾಸನ ಹೇಳುತ್ತದೆ. ಹಾಗಾಗಿ ಆ ದಾನ 12ನೇ ಶತಮಾನದ ಮೊದಲ ಭಾಗದ್ದು. ಶಾಸನ ಇಲ್ಲದಿದ್ದರೆ ಇಷ್ಟು ಹತ್ತಿರದ ಕಾಲ ಸಿಗುತ್ತಿರಲಿಲ್ಲ.

ಆಮೇಲಿನ ಶತಮಾನಗಳಲ್ಲಿ ಈ ಓಲೆಗಳು ದರ್ಶನಕ್ಕೆ ಸಿಗುತ್ತಿದ್ದವೇ ಹೊರತು ಓದಲು ಸಿಗುತ್ತಿರಲಿಲ್ಲ. 19ನೇ ಶತಮಾನದ ಕೊನೆಗೆ ಪ್ರತಿ ತೆಗೆಯುವ ಕೆಲಸ ಶುರುವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜಿನ ಗಜಪತಿ ಶಾಸ್ತ್ರಿ ಇವರು ವರ್ಷಗಟ್ಟಲೆ ಕುಳಿತು ಬರೆದರು. ಗಜಪತಿ ಶಾಸ್ತ್ರಿಗಳು ತಮ್ಮ ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡದ್ದು, ಅದು ಸಹಾರನ್‌ಪುರದವರೆಗೆ ಹೋದದ್ದು, ಅಲ್ಲಿಂದ ನಾಗರಿ ಪ್ರತಿಗಳು ಹೊರಬಿದ್ದದ್ದು ದೊಡ್ಡ ಕತೆ. ಅಮರಾವತಿಯಿಂದ ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟ ತಂದರು. ಒಟ್ಟು 16 ಸಂಪುಟಗಳಾದವು. ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ್ ನಾರಾಯಣ್ ಸಿಂಗ್ ಅವರು 1942ರ ನಾಲ್ಕನೇ ಸಂಪುಟಕ್ಕೆ ಧವಳಾದ ಗಣಿತದ ಬಗ್ಗೆ ಬರೆದ ಲೇಖನದಿಂದ ನಮ್ಮ ಸಂಖ್ಯೆ ಗಣಿತದ ಇತಿಹಾಸಕಾರರ ಕಣ್ಣಿಗೆ ಬಿತ್ತು.

ಗಮನಿಸಿ: ಓಲೆ, ಅದರ ಕನ್ನಡ ಪ್ರತಿ, ನಾಗರಿ ಪ್ರತಿ, ಅದರ ಪ್ರತಿ, ಕೊನೆಗೆ ಅಚ್ಚು. ಪ್ರತಿ ಹೆಜ್ಜೆಯಲ್ಲೂ ಕೈತಪ್ಪಿಗೆ ಅವಕಾಶ ಉಂಟು.

ಎರಡು ಬೇಲಿಗಳ ನಡುವೆ

ಷಟ್ಖಂಡಾಗಮದ ಸೂತ್ರ ಈ ಮನುಷ್ಯರ ಸಂಖ್ಯೆಯನ್ನು ನೇರವಾಗಿ ಹೇಳುವುದಿಲ್ಲ. ಅದರ ಸುತ್ತ ಎರಡು ಬೇಲಿ ಹಾಕುತ್ತದೆ. ಮೊದಲನೆಯದು: ಕೋಡಾಕೋಡಾಕೋಡಿಗಿಂತ ಮೇಲೆ, ಕೋಡಾಕೋಡಾಕೋಡಾಕೋಡಿಗಿಂತ ಕೆಳಗೆ. ಕೋಡಿ ಎಂದರೆ ಕೋಟಿ. ಕೋಟಿಯನ್ನು ಮೂರು ಸಲ ಗುಣಿಸಿದರೆ 1ರ ಮುಂದೆ 21 ಸೊನ್ನೆ. ನಾಲ್ಕು ಸಲ ಗುಣಿಸಿದರೆ 28 ಸೊನ್ನೆ. ಎರಡನೆಯ ಬೇಲಿ: ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ.

ಇಲ್ಲಿ ‘ವರ್ಗ’ ಎಂದರೆ 2ರಿಂದ ಹೊರಟು ವರ್ಗ ಮಾಡುತ್ತ ಹೋಗುವುದು. 2ರ ವರ್ಗ 4, ಇದು ಮೊದಲನೆಯದು. 4ರ ವರ್ಗ 16. ಅದರದ್ದು 256. ನಾಲ್ಕನೆಯದು 65,536. ಐದನೆಯದು 4,29,49,67,296. ಆರನೆಯದು 1,84,46,74,40,73,70,95,51,616. ಪರಂಪರೆ ಕೊನೆಯ ಮೂರಕ್ಕೆ ಹೆಸರೂ ಇಟ್ಟಿದೆ: ಪಣ್ಣಟ್ಠಿ, ಬಾದಾಲ, ಏಕಟ್ಠಿ. ಆಯಾ ಸಂಖ್ಯೆಯ ಮೊದಲ ಅಂಕಗಳಿಂದಲೇ ಬಂದ ಪ್ರಾಕೃತ ಹೆಸರುಗಳು ಇವು: 65, 42, ಮತ್ತು 1–8. ನಾವು ಫೋನ್ ನಂಬರಿನ ಕೊನೆಯ ಎರಡು ಅಂಕ ಹೇಳಿ ಗುರುತು ಹಿಡಿಯುವ ಹಾಗೆ ಅವರು ಮೊದಲ ಅಂಕ ಹೇಳಿ ಇಡೀ ಸಂಖ್ಯೆಯನ್ನು ನೆನಪಿಟ್ಟರು.

ಕಂಪ್ಯೂಟರಿನ ಪರಿಚಯ ಇದ್ದವರು ಇಲ್ಲೇ ನಗುತ್ತಾರೆ. ಐದನೆಯ ವರ್ಗ ಇಂಟರ್ನೆಟ್ಟಿನ ಹಳೆಯ ವಿಳಾಸಗಳ ಒಟ್ಟು ಸಂಖ್ಯೆ. ಏಳನೆಯ ವರ್ಗ ಹೊಸ ವ್ಯವಸ್ಥೆಯ ವಿಳಾಸಗಳ ಸಂಖ್ಯೆ. ಇದರಲ್ಲಿ ಪವಾಡ ಏನೂ ಇಲ್ಲ. ಎರಡನ್ನು ಮತ್ತೆ ಮತ್ತೆ ವರ್ಗ ಮಾಡಿದವರು ಯಾರೇ ಆಗಲಿ ಈ ಮೆಟ್ಟಿಲುಗಳ ಮೇಲೇ ಕಾಲಿಡಬೇಕು, ಅಷ್ಟೆ.

ಈಗ ನಮ್ಮ ಸಂಖ್ಯೆ. ಕೆಲವು ಆಚಾರ್ಯರ ಪ್ರಕಾರ ಮನುಷ್ಯರ ಸಂಖ್ಯೆ ಐದನೆಯ ವರ್ಗ ಗುಣಿಸು ಆರನೆಯ ವರ್ಗ, ಅಂದರೆ ಬಾದಾಲ ಗುಣಿಸು ಏಕಟ್ಠಿ. ಐದನೆಯದು 2ರ 32ನೇ ಘಾತ, ಆರನೆಯದು 64ನೇ ಘಾತ. ಗುಣಿಸಿದರೆ 96ನೇ ಘಾತ. ಮೇಲೆ ಕೊಟ್ಟ 29 ಅಂಕಗಳು ಅದೇ.

ವೀರಸೇನರ ತಕರಾರು

ಈ ಸಂಖ್ಯೆ ಎರಡನೆಯ ಬೇಲಿಯೊಳಗೆ ಆರಾಮಾಗಿ ಕೂರುತ್ತದೆ. ಮೊದಲನೆಯದರೊಳಗೆ ಕೂರುವುದಿಲ್ಲ. ಕೋಡಾಕೋಡಾಕೋಡಾಕೋಡಿಗೂ 29 ಸ್ಥಾನ, ಇದಕ್ಕೂ 29 ಸ್ಥಾನ. ಆದರೆ ಅದು 1ರಿಂದ ಶುರು, ಇದು 7ರಿಂದ. ಬೇಲಿಗಿಂತ ಸುಮಾರು ಎಂಟು ಪಟ್ಟು ದೊಡ್ಡದು. ಸ್ಥಾನ ಮಾತ್ರ ಎಣಿಸುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ವೀರಸೇನರಿಗೆ ಕಂಡಿತು. ಅವರು ಮನುಷ್ಯಕ್ಷೇತ್ರದ ವಿಸ್ತೀರ್ಣವನ್ನೇ ಲೆಕ್ಕಕ್ಕೆ ತಂದು, ಇಷ್ಟು ಜನ ಅದರಲ್ಲಿ ಹಿಡಿಯುವುದಿಲ್ಲ, ಹಾಗಾಗಿ ಈ ಸಂಖ್ಯೆ ಸರಿಯಲ್ಲ ಎಂದು ವಾದಿಸಿದರು.

ಆ ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ಜೈನ ಭೂಗೋಳದಲ್ಲಿ ಮನುಷ್ಯಕ್ಷೇತ್ರ ಎಂದರೆ ಎರಡೂವರೆ ದ್ವೀಪಗಳ ವೃತ್ತ. ವ್ಯಾಸ 45 ಲಕ್ಷ ಯೋಜನ. ಅವರು ಬಳಸುತ್ತಿದ್ದ 10ರ ವರ್ಗಮೂಲದಿಂದ ಗುಣಿಸಿದರೆ ಪರಿಧಿ 1,42,30,249 ಯೋಜನ. ವಿಸ್ತೀರ್ಣ ಸುಮಾರು 16 ಲಕ್ಷ ಕೋಟಿ ಚದರ ಯೋಜನ. ಒಂದು ಯೋಜನಕ್ಕೆ 4 ಕ್ರೋಶ, ಕ್ರೋಶಕ್ಕೆ 2000 ಧನುಸ್ಸು, ಧನುಸ್ಸಿಗೆ 4 ಹಸ್ತ, ಹಸ್ತಕ್ಕೆ 24 ಅಂಗುಲ. ಅಂದರೆ 7,68,000 ಅಂಗುಲ. ಇಡೀ ಕ್ಷೇತ್ರವನ್ನು ಚದರ ಅಂಗುಲಕ್ಕೆ ಇಳಿಸಿದರೆ 25 ಸ್ಥಾನದ ಸಂಖ್ಯೆ ಬರುತ್ತದೆ. ನಮ್ಮ ಸಂಖ್ಯೆಗೆ 29 ಸ್ಥಾನ. ಒಂದೊಂದು ಚದರ ಅಂಗುಲಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನ!

ಹೌದು, ಇದು ದೊಡ್ಡ ಅಳತೆಯ ಪ್ರಮಾಣಾಂಗುಲ, ಸಾಮಾನ್ಯ ಅಂಗುಲದ 500 ಪಟ್ಟು. ಆ ರಿಯಾಯಿತಿ ಕೊಟ್ಟರೂ ಒಬ್ಬೊಬ್ಬರ ಪಾಲಿಗೆ ಬರುವುದು ಸುಮಾರು 30 ಚದರ ಸಾಮಾನ್ಯ ಅಂಗುಲ. ಒಂದು ಅಂಗೈಯಷ್ಟು ಜಾಗ. ಅದರಲ್ಲೂ ಸಮುದ್ರ, ಪರ್ವತ ಎಲ್ಲ ಸೇರಿತು.

ನನಗೆ ಈ ಭಾಗ ಬಹಳ ಮುಖ್ಯ ಅನಿಸುತ್ತದೆ. ಹಳೆಯ ಗ್ರಂಥಗಳ ದೊಡ್ಡ ಸಂಖ್ಯೆ ಕಂಡ ಕೂಡಲೇ ‘ಉತ್ಪ್ರೇಕ್ಷೆ’ ಅಂತ ಬದಿಗೆ ಸರಿಸುವವರು ಒಂದು ಕಡೆ, ‘ನಮ್ಮವರಿಗೆ ಎಲ್ಲ ಗೊತ್ತಿತ್ತು’ ಅಂತ ಎದೆ ಉಬ್ಬಿಸುವವರು ಇನ್ನೊಂದು ಕಡೆ. 9ನೇ ಶತಮಾನದ ವ್ಯಾಖ್ಯಾನಕಾರ ಎರಡನ್ನೂ ಮಾಡಲಿಲ್ಲ. ಸಂಖ್ಯೆಯನ್ನು ಎತ್ತಿಕೊಂಡು ತೂಗಿದರು, ನೆಲದ ಜತೆ ಹೋಲಿಸಿದರು, ಒಪ್ಪಲಿಲ್ಲ.

ಅಕ್ಷರದೊಳಗೆ ಅಡಗಿದ ಅಂಕ

ವೀರಸೇನರು ಒಪ್ಪದ ಸಂಖ್ಯೆ ಸಾಯಲಿಲ್ಲ. ಸುಮಾರು 150 ವರ್ಷಗಳ ನಂತರ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಅದು ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ನೇಮಿಚಂದ್ರರು ಚಾವುಂಡರಾಯನ ಕಾಲದವರು. ಆತನ ‘ಗೊಮ್ಮಟ’ ಎಂಬ ಹೆಸರಿನಿಂದಲೇ ಗ್ರಂಥಕ್ಕೆ ಹೆಸರು. ಬೆಳಗೊಳದ ಬಾಹುಬಲಿಯ ಪಾದದ ಬಳಿ ಚಾವುಂಡರಾಯ ಮಾಡಿಸಿದ ಎಂದು ಸಾರುವ ಶಾಸನ ನಮಗೆಲ್ಲ ಪರಿಚಿತ. ಈ ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿ ಬರೆದ ಕನ್ನಡ ಟೀಕೆಯೇ ಮುಂದೆ ಸಂಸ್ಕೃತ, ಹಿಂದಿ ಟೀಕೆಗಳಿಗೆ ತಳಹದಿಯಾಯಿತು.

ಗೊಮ್ಮಟಸಾರದ ಗಾಥೆಯಲ್ಲಿ ಸಂಖ್ಯೆ ಇರುವುದು ಅಂಕಗಳಲ್ಲಿ ಅಲ್ಲ, ಅಕ್ಷರಗಳಲ್ಲಿ. ಕಟಪಯಾದಿ ಪದ್ಧತಿ ಗೊತ್ತಿದ್ದವರಿಗೆ ಸುಲಭ: ಕದಿಂದ ಝವರೆಗೆ 1ರಿಂದ 9, ಟದಿಂದ ಧವರೆಗೆ 1ರಿಂದ 9, ಪದಿಂದ ಮವರೆಗೆ 1ರಿಂದ 5, ಯದಿಂದ ಹವರೆಗೆ 1ರಿಂದ 8, ಞ, ನ ಸೊನ್ನೆ. ಸ್ವರ ಯಾವುದಿದ್ದರೂ ಲೆಕ್ಕಕ್ಕಿಲ್ಲ. ಅಂಕಗಳು ಎಡಕ್ಕೆ ನಡೆಯುತ್ತವೆ, ಅಂದರೆ ಮೊದಲ ಅಕ್ಷರ ಬಿಡಿ ಸ್ಥಾನದ್ದು. ಗಾಥೆ ‘ತ’ಕಾರದಿಂದ ಶುರು, ಅಂದರೆ 6, 29ನೆಯ ಅಕ್ಷರ ‘ಸ’ಕಾರ, ಅಂದರೆ 7. ನಮ್ಮ ಸಂಖ್ಯೆಯ ಕೊನೆಯ ಅಂಕ 6, ಮೊದಲನೆಯದು 7. ನಡುವಿನ 27ನ್ನೂ ಒಂದೊಂದಾಗಿ ಕೂಡಿಸಿ ನೋಡಿದ್ದೇನೆ. ಅಚ್ಚಿನ ಪಾಠ 2ರ 96ನೇ ಘಾತದ ಜತೆ ಒಂದು ಅಂಕವೂ ಬಿಡದೆ ಹೊಂದುತ್ತದೆ.

ಆದರೆ ಅಕ್ಷರ ಎಂದ ಮೇಲೆ ಲಿಪಿಕಾರನ ಭಯ ಉಂಟೇ ಉಂಟು. ಕನ್ನಡ ಲಿಪಿಯಲ್ಲಿ ‘ವ’ ಮತ್ತು ‘ಮ’ ನಡುವೆ ಇರುವುದು ಒಂದು ಕೊಂಡಿ. ‘ದ’ ಮತ್ತು ‘ಧ’ ನಡುವೆ ಇರುವುದು ಒಂದು ಸೀಳು; ಓಲೆಯಲ್ಲಿ ಅದು ಎಷ್ಟೋ ಸಲ ಇರುವುದೇ ಇಲ್ಲ. ಕಟಪಯಾದಿಯಲ್ಲಿ ವ 4, ಮ 5. ದ 8, ಧ 9. ಈ ಗಾಥೆಯಲ್ಲಿ ಮಕಾರ ನಾಲ್ಕು ಕಡೆ, ಧಕಾರ ಎರಡು ಕಡೆ, ವಕಾರ ಎರಡು ಕಡೆ ಬರುತ್ತದೆ. ಒಟ್ಟು ಎಂಟು ಗುಂಡಿಗಳು.

ಅರ್ಧ ಮಾಡಿ ನೋಡುವ ಪರೀಕ್ಷೆ

ನಮ್ಮ ಅಜ್ಜಂದಿರು ಮಾಡುತ್ತಿದ್ದ 9ರ ಪರೀಕ್ಷೆಯಿಂದ ಶುರು ಮಾಡುವ. 29 ಅಂಕಗಳ ಮೊತ್ತ 127. ಮತ್ತೆ ಕೂಡಿದರೆ 10, ಮತ್ತೆ 1. ಈಗ 2ರ ಘಾತಗಳ ಕಡೆಯಿಂದ ಬನ್ನಿ. 2ರ 6ನೇ ಘಾತ 64, ಅದನ್ನು 9ರಿಂದ ಭಾಗಿಸಿದರೆ ಶೇಷ 1. 96 ಎಂದರೆ ಆರರ 16 ಪಟ್ಟು. ಹಾಗಾಗಿ ಶೇಷ 1 ಆಗಲೇಬೇಕು. ಆಯ್ತು, ಹೊಂದಿತು. ಬಲದಿಂದ ಒಂದು ಬಿಟ್ಟು ಒಂದು ಅಂಕವನ್ನು ಕೂಡಿ ಕಳೆಯುವ 11ರ ಪರೀಕ್ಷೆಯಲ್ಲಿ 31 ಬರುತ್ತದೆ, ಶೇಷ 9. ಘಾತದ ಕಡೆಯಿಂದಲೂ 9. ಅದೂ ಹೊಂದಿತು.

ಆದರೆ ಈ ಎರಡು ಪರೀಕ್ಷೆಗಳನ್ನು ಮೋಸ ಮಾಡಬಹುದು. ಗಾಥೆಯ 8ನೆಯ ಅಕ್ಷರದ ವಕಾರವನ್ನು ಮ ಎಂದೂ, 12ನೆಯ ಅಕ್ಷರದ ಮಕಾರವನ್ನು ವ ಎಂದೂ ಓದಿದಿರಿ ಅನ್ನಿ. ಒಂದು ಕಡೆ 1 ಹೆಚ್ಚು, ಇನ್ನೊಂದು ಕಡೆ 1 ಕಡಿಮೆ. ಮೊತ್ತ ಬದಲಾಗುವುದಿಲ್ಲ. ಎರಡೂ ಸಮಸ್ಥಾನದಲ್ಲಿರುವುದರಿಂದ 11ರ ಪರೀಕ್ಷೆಯೂ ‘ಸರಿ’ ಎನ್ನುತ್ತದೆ.

ಇಲ್ಲಿ ಧವಳಾದ್ದೇ ಒಂದು ಕಲ್ಪನೆ ಸಹಾಯಕ್ಕೆ ಬರುತ್ತದೆ: ಅರ್ಧಚ್ಛೇದ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಅದರ ಅರ್ಧಚ್ಛೇದ. 16ಕ್ಕೆ 4, 64ಕ್ಕೆ 6. ನಮ್ಮ ಸಂಖ್ಯೆಗೆ 96. ಅಂದರೆ 96 ಸಲ ಅರ್ಧ ಮಾಡುತ್ತ ಹೋದರೆ ನಡುವೆ ಎಲ್ಲೂ ಬೆಸ ಸಂಖ್ಯೆ ಬಾರದೆ ಕೊನೆಗೆ 1 ಉಳಿಯಬೇಕು.

ಈಗ 5ನೆಯ ಅಕ್ಷರದ ಮಕಾರವನ್ನು ವ ಎಂದು ಓದಿ. ಕೊನೆಯ ಐದು ಅಂಕ 50336 ಹೋಗಿ 40336 ಆಗುತ್ತದೆ. ಅರ್ಧ ಮಾಡಿ: 20168, 10084, 5042, 2521. ನಾಲ್ಕನೆಯ ಸಲಕ್ಕೇ ಬೆಸ ಬಂತು, ಲೆಕ್ಕ ನಿಂತಿತು. 6ನೆಯ ಅಕ್ಷರದ ಧಕಾರವನ್ನು ದ ಎಂದು ಓದಿದರೆ ಕೊನೆಯ ಆರು ಅಂಕ 850336. ಇದು ಐದು ಸಲ ಅರ್ಧವಾಗಿ 26573ಕ್ಕೆ ನಿಲ್ಲುತ್ತದೆ. ಮೇಲೆ ಹೇಳಿದ ವ–ಮ ಜೋಡಿ ಮೋಸ ಏಳು ಸಲಕ್ಕೆ ನಿಲ್ಲುತ್ತದೆ.

ಅಂದರೆ ನೋಡಿ, ಈ ಪರೀಕ್ಷೆ ತಪ್ಪು ಇದೆ ಅಂತ ಹೇಳುವುದಷ್ಟೇ ಅಲ್ಲ, ತಪ್ಪು ಎಲ್ಲಿದೆ ಅಂತಲೂ ಬೆರಳಿಟ್ಟು ತೋರಿಸುತ್ತದೆ. ನಾಲ್ಕಕ್ಕೆ ನಿಂತರೆ ಬಲದ ನಾಲ್ಕು ಅಂಕ ಬಿಟ್ಟು ಐದನೆಯದು. ಏಳಕ್ಕೆ ನಿಂತರೆ ಎಂಟನೆಯದು. ಕಾರಣ ಸರಳ. 10,000ದಲ್ಲಿ ನಾಲ್ಕು ಎರಡುಗಳು ಮಾತ್ರ ಅಡಗಿವೆ, ಕೋಟಿಯಲ್ಲಿ ಏಳು. ಮೂಲ ಸಂಖ್ಯೆಯಲ್ಲಿ 96 ಇವೆ. ಕೂಡಿಸಿ ಕಳೆದಾಗ ಉಳಿಯುವುದು ಕಡಿಮೆ ಇದ್ದದ್ದೇ. ತಪ್ಪಿನ ವ್ಯತ್ಯಾಸ ಬೆಸವಾಗಿದ್ದರೆ ಈ ನಿಯಮ ಎಂದೂ ಕೈಕೊಡುವುದಿಲ್ಲ. ವ–ಮ, ದ–ಧ ವ್ಯತ್ಯಾಸ 1, ಬೆಸವೇ. ಎರಡು ಮೂರು ಇಂಥ ತಪ್ಪಿದ್ದರೆ ಬಲದ ತುದಿಗೆ ಹತ್ತಿರದ್ದು ಮೊದಲು ಸಿಗುತ್ತದೆ. ಅದನ್ನು ತಿದ್ದಿ ಮುಂದಿನದಕ್ಕೆ ಹೋಗಬಹುದು.

ಇನ್ನೂ ಒಂದು ಮಾತು. 29 ಸ್ಥಾನದ ಸಂಖ್ಯೆಗಳಲ್ಲಿ 2ರ ಘಾತಗಳು ಮೂರೇ ಮೂರು: 94, 95 ಮತ್ತು 96ನೆಯವು. ಒಂದು ಸಂಖ್ಯೆ ಕೈತಪ್ಪಿನಿಂದ ಆಕಸ್ಮಿಕವಾಗಿ ಇನ್ನೊಂದು ಘಾತವಾಗಿ ಬಿಡುವ ಸಂಭವ ಇಲ್ಲವೆಂದೇ ಹೇಳಬೇಕು. ಪರಂಪರೆ ಮಾತಿನಲ್ಲಿ ‘ಐದನೆಯ ವರ್ಗ ಗುಣಿಸು ಆರನೆಯ ವರ್ಗ’ ಎನ್ನುತ್ತದೆ, ಅಕ್ಷರದಲ್ಲಿ 29 ಅಂಕ ಕೊಡುತ್ತದೆ. ಎರಡು ಸಾಕ್ಷಿಗಳೂ ಒಂದನ್ನೇ ಹೇಳುತ್ತವೆ. ಇಂದು ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ ಕೆಲಸ ಮಾಡುವವರು ‘ಡೆಸಿಮಲ್’ ಎಂಬ ಬಗೆಯ ಗರಿಷ್ಠ ಬೆಲೆಯನ್ನು ನೋಡಲಿ: ನಮ್ಮ ಸಂಖ್ಯೆಗಿಂತ ಸರಿಯಾಗಿ 1 ಕಡಿಮೆ, ಕೊನೆಗೆ 335.

ಕಲ್ಲಿಗೆ ಈ ಭಾಗ್ಯ ಇಲ್ಲ

ಚಾವುಂಡರಾಯ ಮಂತ್ರಿಯಾಗಿದ್ದ ಗಂಗರ ನಾಡಿನ ಹೆಸರು ಶಾಸನಗಳಲ್ಲಿ ಗಂಗವಾಡಿ 96,000. ಬನವಾಸಿ 12,000, ನೊಳಂಬವಾಡಿ 32,000, ಬೆಳ್ವೊಲ 300, ಪುಲಿಗೆರೆ 300. ಇವು ಹಳ್ಳಿಗಳ ಎಣಿಕೆಯೋ, ಆದಾಯದ ಅಳತೆಯೋ ಎಂಬ ಚರ್ಚೆ ಮುಗಿದಿಲ್ಲ. ಈ ಸಂಖ್ಯೆಗಳಿಗೆ ಒಳಗಿನ ಸಾಕ್ಷಿ ಇಲ್ಲ. ಒಂದೇ ಒಂದು ಶಾಸನದಲ್ಲಿ ಸವೆದ ‘300’ ಸಿಕ್ಕಿ, ಅದನ್ನು ನಾವು ‘500’ ಎಂದು ಓದಿದರೆ 500 ಕೂಡ ನಂಬುವಂಥದ್ದೇ, ಏಕೆಂದರೆ ಪಾನುಂಗಲ್ 500 ಎಂಬುದೂ ಉಂಟು. 96,000 ಉಳಿದದ್ದು ನೂರಾರು ಕಲ್ಲುಗಳು ಅದನ್ನೇ ಮತ್ತೆ ಮತ್ತೆ ಹೇಳಿದ್ದರಿಂದ. ಸಂಖ್ಯೆಯನ್ನು ಅಲ್ಲಿ ಕಾದದ್ದು ಪುನರಾವರ್ತನೆ.

ಕಲ್ಲಿನಲ್ಲಿ ಒಳಸಾಕ್ಷಿ ಇರುವ ಸಂಖ್ಯೆ ಒಂದೇ, ಕಾಲ. ಶಕವರ್ಷದ ಜತೆ ಸಂವತ್ಸರ, ಮಾಸ, ತಿಥಿ, ವಾರ ಬರುವುದು ಅದಕ್ಕೇ ನಮಗೆ ವರ. ಶಕ 1045ಕ್ಕೆ 12 ಕೂಡಿ 60ರಿಂದ ಭಾಗಿಸಿ, ಶೇಷ 37. ಪ್ರಭವದಿಂದ 37ನೆಯದು ಶೋಭಕೃತ್. 2023ರ ಯುಗಾದಿಗೆ ಬಂದ ಶೋಭಕೃತ್ ಇದಕ್ಕೆ ಸರಿಯಾಗಿ 900 ವರ್ಷದ, ಅಂದರೆ 15 ಆವರ್ತನದ ಆಚೆಯದು. ಯಾರಾದರೂ ಸವೆದ ಕಲ್ಲಿನಲ್ಲಿ 1045 ಓದಿ, ಸಂವತ್ಸರ ವಿಳಂಬಿ ಎಂದರೆ, ಎರಡರಲ್ಲಿ ಒಂದನ್ನು ಮತ್ತೆ ಓದಬೇಕು ಎಂದು ಕಲ್ಲು ನೋಡದೆಯೂ ಹೇಳಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ಅರ್ಧಚ್ಛೇದದ ಪರೀಕ್ಷೆ ಹೇಳುವುದು ಸಂಖ್ಯೆ ಕೆಡದೆ ನಮಗೆ ತಲುಪಿದೆ ಎಂದು. ಜಗತ್ತಿನಲ್ಲಿ ಅಷ್ಟು ಮನುಷ್ಯರಿದ್ದರು ಎಂದಲ್ಲ. ಮೊದಲ ಪ್ರಶ್ನೆಗೆ ಗಣಿತ ಸಾಕು. ಎರಡನೆಯದಕ್ಕೆ ವೀರಸೇನರ ಹಾಗೆ ನೆಲ ಅಳೆಯಬೇಕು. ಶಾಸನ ಓದುವ ನಾವು ಎಷ್ಟೋ ಸಲ ಪಾಠ ಸರಿಯಾಯಿತು ಎಂದ ಕೂಡಲೇ ಸಂಗತಿಯೂ ನಿಜ ಎಂದುಕೊಳ್ಳುತ್ತೇವೆ. ಒಬ್ಬ ಅರಸನ ಆನೆ ಕುದುರೆಗಳ ಲೆಕ್ಕವನ್ನೋ, ವೀರಗಲ್ಲಿನ ತುರುಗಳ ಲೆಕ್ಕವನ್ನೋ ಇನ್ನು ಮುಂದೆ ಓದುವಾಗ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಿ.

ಪುರುಸೊತ್ತಿದ್ದರೆ ಒಂದು ಕಾಗದ ತೆಗೆದುಕೊಂಡು ಮೇಲಿನ 29 ಅಂಕಗಳನ್ನು ಅರ್ಧ ಮಾಡುತ್ತ ಹೋಗಿ. ಮೊದಲ ಸಲಕ್ಕೆ 3,96,14,08,12,57,13,21,68,79,67,71,97,51,68 ಬರಬೇಕು. ಇನ್ನು 95 ಸಲ ಬಾಕಿ. ನಡುವೆ ಬೆಸ ಬಂದರೆ ತಪ್ಪಿದ್ದು ಸಂಖ್ಯೆಯಲ್ಲ, ನಿಮ್ಮ ಕೂಡುಕಳೆ.